ಸಣ್ಣ ಟೀಚರ್ ಮಾಡಿದ ತಪ್ಪುಗಳು

ಜೂನ್ 19

ಅಣ್ಣಾ,

ಫೋನ್ ಮಾಡಿದರೆ "ಮಷಿನ್ ಓಡ್ತಾ ಇದೆ, ಆಮೇಲೆ ಮಾಡು" ಎನ್ನುತ್ತೀಯ. ಅಮ್ಮ ತೀರಿಕೊಂಡಾಗ ನೀನು ಮನೆಗೆ ಬಂದಿದ್ದೆ, ಅದಾಗಿ ಒಂಬತ್ತು ವರ್ಷವಾಯಿತು. ನಿನ್ನ ಆ ಆಮೇಲೆ ಇನ್ನೂ ಬಂದಿಲ್ಲ. ಕಾಗದವಾದರೆ ಮಷಿನ್ ನಿಂತ ಮೇಲಾದರೂ ಓದುತ್ತೀಯ ಎಂದು ಬರೆಯುತ್ತಿದ್ದೇನೆ. ಹೆದರಬೇಡ, ಮನೆಗೆ ಬಾ ಎಂದು ಗೋಗರೆಯುವುದಿಲ್ಲ. ಇದು ನನ್ನ ತರಗತಿಯ ಒಬ್ಬ ಹುಡುಗಿಯ ವಿಷಯ.

ನನ್ನ ಆರನೇ ತರಗತಿಯಲ್ಲಿ ನಲವತ್ತಾರು ಮಕ್ಕಳಿದ್ದಾರೆ. ಅವರಲ್ಲಿ ಇವಳೊಬ್ಬಳು. ನಾನು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಅವಳದು ಮುಗಿದಿರುತ್ತದೆ. ಮುಗಿಸಿ ಕಿಟಕಿ ನೋಡುತ್ತಾ ಕೂರುತ್ತಿದ್ದಳು. ಪಾಪ, ಸುಮ್ಮನೆ ಕೂತು ಬೇಜಾರಾಗುತ್ತದೆ ಎಂದು ಹೋದ ವರ್ಷ, ಇವರಿಗೇ ನಾನು ಐದನೇ ತರಗತಿಯಲ್ಲಿ ಕಲಿಸುವಾಗ, ಉಳಿದ ಮಕ್ಕಳ ನೋಟ್‌ಬುಕ್ ತಿದ್ದುವ ಕೆಲಸ ಕೊಟ್ಟೆ. ಎಷ್ಟು ನೀಟಾಗಿ ತಿದ್ದುತ್ತಾಳೆ ಗೊತ್ತಾ? ಮಕ್ಕಳೆಲ್ಲ ಅವಳನ್ನು 'ಸಣ್ಣ ಟೀಚರ್' ಎಂದು ಕರೆಯುತ್ತಾರೆ. ನನಗಂತೂ ಒಂದು ಕೈ ಹೆಚ್ಚಾದ ಹಾಗಿತ್ತು.

ಈಗ ವರ್ಷದ ಮೊದಲ ಪರೀಕ್ಷೆಯಲ್ಲಿ ಐವತ್ತಕ್ಕೆ ಇಪ್ಪತ್ತೊಂದು ತೆಗೆದಿದ್ದಾಳೆ. ನಾನು ಮೂರು ಸಲ ಕೂಡಿ ನೋಡಿದೆ. ಇಪ್ಪತ್ತೊಂದೇ.

ನಮ್ಮ ಶಾಲೆಯಲ್ಲಿ ಒಂದು ನಿಯಮವಿದೆ. ಎರಡು ಪರೀಕ್ಷೆಯಲ್ಲಿ ಇಪ್ಪತ್ತೈದರ ಕೆಳಗೆ ಬಂದವರನ್ನು 'ತಯಾರಿ ತರಗತಿ'ಗೆ ಹಾಕುತ್ತಾರೆ. ಹೆಸರಿಗೆ ತಯಾರಿ. ಅಲ್ಲಿ ಕೂಡು, ಕಳೆ ಬಿಟ್ಟರೆ ಮತ್ತೇನೂ ಕಲಿಸುವುದಿಲ್ಲ. ಅಲ್ಲಿಂದ ವಾಪಸ್ ಬಂದ ಒಂದು ಮಗುವನ್ನೂ ಹನ್ನೆರಡು ವರ್ಷದಲ್ಲಿ ನಾನು ಕಂಡಿಲ್ಲ. ಎರಡನೇ ಪರೀಕ್ಷೆ ಅಕ್ಟೋಬರಿನಲ್ಲಿ. ಏನಾಯಿತು ಎಂದು ಕೇಳಿದರೆ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುತ್ತಾಳೆ. ನಿನಗೇನಾದರೂ ಹೊಳೆಯುತ್ತದಾ?

ಅಪ್ಪ ಹುಷಾರಾಗಿದ್ದಾರೆ. ನೀನು ಕೇಳಲಿಲ್ಲ, ನಾನೇ ಹೇಳಿದೆ.

ನಿನ್ನ ತಂಗಿ


ಜುಲೈ 2

ಬಾಯಿಬಡುಕಿಗೆ,

ನಾನು ಲೇತ್ ಮುಂದೆ ನಿಂತು ಕಬ್ಬಿಣ ಕೆತ್ತುವವನು. ಮೇಷ್ಟ್ರ ಕೆಲಸ ಮನೆಯಲ್ಲಿ ನಿನ್ನದು, ನಿನ್ನಪ್ಪನದು. ಶಾಲೆಯ ವಿಷಯಕ್ಕೆ ಒಂಬತ್ತನೇ ತರಗತಿ ದಾಟದ ನಾನೇ ಯಾಕೆ ಬೇಕಾಯಿತು, ಅದನ್ನೂ ಬರೆಯಬಹುದಿತ್ತು.

ಇರಲಿ. ಬರೀ ಅಂಕ ಹೇಳಿದರೆ ಏನೂ ಗೊತ್ತಾಗುವುದಿಲ್ಲ. ಅವಳ ಉತ್ತರಪತ್ರಿಕೆಯ ಜೆರಾಕ್ಸ್ ಕಳಿಸು. ನೀನು ಹಾಕಿದ ಕೆಂಪು ಗೀಟು ಇರಬಾರದು ಅನ್ನೋಣವೆಂದರೆ ಆಗಲೇ ಎಳೆದುಬಿಟ್ಟಿರುತ್ತೀಯ.

ಅಣ್ಣ


ಜುಲೈ 9

ಅಣ್ಣಾ,

ಜೆರಾಕ್ಸ್ ಇಟ್ಟಿದ್ದೇನೆ. ಗೀಟು ಎಳೆದಾಗಿದೆ, ಏನು ಮಾಡಲಿ.

ನಿನ್ನೆ ಹುಡುಗಿಯ ತಾಯಿ ಬಂದಿದ್ದರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬಿಸಿನೀರು, ಸೋಪಿನಲ್ಲಿ ಬೆರಳ ತುದಿಗಳೆಲ್ಲ ಬಿಳುಚಿಕೊಂಡಿವೆ. ಕುರ್ಚಿ ಕೊಟ್ಟರೂ ಕೂರಲಿಲ್ಲ. "ಟೀಚರ್, ಇವಳು ಜಾಣೆ ಅಂತ ನೀವೇ ಹೇಳಿದ್ರಿ. ನಾನು ಎಲ್ಲರ ಹತ್ರ ಹೇಳ್ಕೊಂಡು ಬಂದೆ. ಈಗ ದಡ್ಡರ ಕ್ಲಾಸಿಗೆ ಅಂತಿದೀರ. ಯಾವುದು ನಿಜ ಅಂತ ಒಂದು ಹೇಳಿ, ನಾನು ಅದನ್ನೇ ನಂಬ್ತೀನಿ" ಎಂದರು.

ಹೊರಗೆ ಮೈದಾನದಲ್ಲಿ ಹುಡುಗಿ ಹಗ್ಗದಾಟ ಆಡುತ್ತಿದ್ದಳು. ಅವಳು ಆಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಿನ್ನನ್ನೇ ಯಾಕೆ ಕೇಳಿದೆ ಎಂದು ನಿನಗೂ ಗೊತ್ತು. ಬರೆಸಬೇಡ.

ನಿನ್ನ ತಂಗಿ


ಜುಲೈ 27

ಬಾಯಿಬಡುಕಿಗೆ,

ಜೆರಾಕ್ಸನ್ನು ವರ್ಕ್‌ಶಾಪಿಗೆ ಒಯ್ದು ಊಟದ ಹೊತ್ತಿನಲ್ಲಿ ಹತ್ತು ದಿನ ನೋಡಿದೆ. ಎಣ್ಣೆ ಕಲೆ ಆಗಿದೆ, ವಾಪಸ್ ಕೇಳಬೇಡ.

ಎರಡನೇ ಲೆಕ್ಕ: ಅರ್ಧಕ್ಕೆ ಮೂರರಲ್ಲೊಂದು ಪಾಲು ಸೇರಿಸು. ಇವಳ ಉತ್ತರ 2/5. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದರೆ ಹೀಗೆ ಬರುತ್ತದೆ. ನಾಲ್ಕನೆಯದು: 304ನ್ನು ಆರರಿಂದ ಗುಣಿಸು. ಇವಳು 204 ಬರೆದಿದ್ದಾಳೆ. ನಡುವಿನ ಸೊನ್ನೆ ನುಂಗಿ, 34ನ್ನು ಗುಣಿಸಿದರೆ ಅದು. ಏಳನೆಯದು: 5002ರಲ್ಲಿ 1347 ಕಳೆ. ಇವಳದು 4345. ದಶಕ ತೆಗೆದುಕೊಳ್ಳದೆ ಎಲ್ಲ ಕಡೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದ್ದಾಳೆ.

ದಡ್ಡ ಮಗು ಒಂದೇ ಥರದ ತಪ್ಪನ್ನು ಎಲ್ಲ ಕಡೆ ಮಾಡುತ್ತದೆ. ಇಲ್ಲಿ ಒಂದೊಂದು ಲೆಕ್ಕದಲ್ಲಿ ಒಂದೊಂದು ಥರದ ತಪ್ಪು. ಮೂರನೇ ಲೆಕ್ಕದಲ್ಲಿ ಸೊನ್ನೆಯನ್ನು ಸರಿಯಾಗಿ ನಿಭಾಯಿಸಿದವಳು ನಾಲ್ಕರಲ್ಲಿ ಹೇಗೆ ಮರೆತಳು? ಬೆಳಕಿಗೆ ಹಿಡಿದು ಮೂಲಪತ್ರಿಕೆ ನೋಡು. ಮೊದಲು ಬರೆದು ಅಳಿಸಿದ ಗುರುತು ಇರುತ್ತದೆ, ಪಂದ್ಯ ಕಟ್ಟುತ್ತೇನೆ.

ಒಂದು ವರ್ಷ ನಲವತ್ತೈದು ಮಕ್ಕಳ ನೋಟ್‌ಬುಕ್ ತಿದ್ದಿದ್ದಾಳಲ್ಲ, ಯಾರು ಯಾವ ತಪ್ಪು ಮಾಡುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. ಒಬ್ಬೊಬ್ಬರಿಂದ ಒಂದೊಂದು ತಪ್ಪು ತೆಗೆದುಕೊಂಡು ಪರೀಕ್ಷೆ ಬರೆದಿದ್ದಾಳೆ. ಬೇಕಾದರೆ ಆ ನೋಟ್‌ಬುಕ್‌ಗಳನ್ನು ತೆಗೆಸಿ ನೋಡು.

ಯಾಕೆ ಹೀಗೆ ಮಾಡಿದಳು ಎಂದು ಅವಳನ್ನೇ ಕೇಳು. ಬೇರೆಯವರ ಮುಂದೆ ಬೇಡ, ನಿಂತುಕೊಂಡೂ ಬೇಡ. ಪಕ್ಕದಲ್ಲಿ ಕೂತು ಕೇಳು.

ನಾನು ಕೈ ಎತ್ತಿದಾಗಲೆಲ್ಲ ನಮ್ಮ ಮನೆಯ ಮೇಷ್ಟ್ರು "ನಿಂಗೆ ಗೊತ್ತು, ಕೂತ್ಕೋ" ಎನ್ನುತ್ತಿದ್ದರು. ಮೂರು ವರ್ಷ ಅವರ ತರಗತಿಯಲ್ಲಿ ಕೂತೆ. ಮೇಷ್ಟ್ರ ಮಗನಿಗೆ ಅಂಕ ಸುರಿಯುತ್ತಾರೆ ಎಂದು ಯಾರೋ ಆಡಿಕೊಂಡರಂತೆ, ಅದಕ್ಕೆ ನನ್ನ ಅಂಕದಲ್ಲಿ ನಾಲ್ಕು ಕಳೆದೇ ಹಾಕುತ್ತಿದ್ದರು. ಇದನ್ನೆಲ್ಲ ನಾನ್ಯಾಕೆ ಬರೆದೆನೋ. ಕೂತ್ಕೋ ಎಂದು ಮಾತ್ರ ಅವಳಿಗೆ ಹೇಳಬೇಡ.

ಅಣ್ಣ


ಆಗಸ್ಟ್ 5

ಅಣ್ಣಾ,

ನೀನು ಹೇಳಿದ್ದು ಅಕ್ಷರಶಃ ಸರಿ. ಅಳಿಸಿದ ಗುರುತು ಇದೆ. ಅಳಿಸುವ ಮೊದಲು ಎಲ್ಲ ಉತ್ತರವೂ ಸರಿಯಿತ್ತು. 2/5 ಕೊನೆ ಬೆಂಚಿನ ಗುಂಡನದು. ಸೊನ್ನೆ ನುಂಗುವುದು ಗುಂಗುರು ಕೂದಲಿನವಳ ಅಭ್ಯಾಸ. ದೊಡ್ಡದರಲ್ಲಿ ಚಿಕ್ಕದು ಕಳೆಯುವವನು ಬೇಕರಿಯವರ ಮಗ. ನಾಲ್ಕು ನೋಟ್‌ಬುಕ್ ತೆರೆದ ಮೇಲೆ ಐದನೆಯದು ತೆರೆಯಲು ನನಗೆ ಧೈರ್ಯವಾಗಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಬೆಂಚಿನಲ್ಲೇ ಪಕ್ಕಕ್ಕೆ ಕೂತೆ. ಮೊಣಕಾಲು ಹಿಡಿಸದೆ ಒದ್ದಾಡಿದ್ದು ನೋಡಿ ಅವಳಿಗೆ ನಗು ಬಂತು. "ಅಳಿಸಿದ್ದು ನೋಡಿದೆ ಕಣೇ, ಬೈಯಲ್ಲ" ಎಂದೆ. ಆಮೇಲೆ ಹೇಳಿದಳು: "ತಪ್ಪು ಮಾಡೋರಿಗೆ ತಿದ್ದೋ ಕೆಲಸ ಕೊಡಲ್ಲ ಅಲ್ವಾ ಟೀಚರ್, ಅದಕ್ಕೇ."

"ತಿದ್ದೋದು ಇಷ್ಟ ಇಲ್ಲ ಅಂತ ಹೇಳ್ಬಹುದಿತ್ತಲ್ಲ" ಎಂದೆ.

"ನೀವು ಎಲ್ಲರ ಮುಂದೆ ಶಭಾಷ್ ಅಂತಿದ್ರಿ. ಹೇಗೆ ಹೇಳೋದು? ನಾನು ತಪ್ಪು ಅಂತ ಹಾಕಿದ್ರೆ ಅವರಿಗೆಲ್ಲ ಸಿಟ್ಟು. ಆಟಕ್ಕೆ ಸೇರಿಸ್ತಾ ಇರ್ಲಿಲ್ಲ. ಈಗ ಸೇರಿಸ್ತಾರೆ." ಕೊನೆಗೆ, "ಮತ್ತೆ… ಎಲ್ಲರಿಗೂ ಲೆಕ್ಕ ಕೊಡ್ತೀರ. ನಂಗೆ ನೋಟ್‌ಬುಕ್ ಕೊಟ್ರಿ. ನಂಗೆ ಲೆಕ್ಕ ಯಾವಾಗ ಕೊಡ್ತೀರ ಟೀಚರ್?" ಎಂದಳು.

ಅಣ್ಣಾ, ಸ್ಟಾಫ್ ರೂಮಿನ ಬೀರುವಿನ ಮರೆಗೆ ಹೋಗಿ ಅತ್ತುಬಿಟ್ಟೆ. ಒಂದು ವರ್ಷ ನಾನು ಆ ಮಗುವಿಗೆ ಏನೂ ಕಲಿಸಲಿಲ್ಲ. ನನ್ನ ಕೆಲಸವನ್ನು ಅವಳ ತಲೆಗೆ ಕಟ್ಟಿ, ಅವಳಿಗೇ ಉಪಕಾರ ಮಾಡಿದೆ ಎಂದುಕೊಂಡಿದ್ದೆ.

ಹೆಡ್‌ಮಿಸ್ ಹತ್ತಿರ ಹೋದೆ. "ನಲವತ್ತೈದು ಮಕ್ಕಳು ಹಿಂದೆ ಬಿದ್ದಿದಾರೆ, ನೀವು ಮುಂದೆ ಇರೋ ಒಬ್ಬಳ ಬೆನ್ನು ಹತ್ತಿದೀರಲ್ಲ. ಬುದ್ಧಿ ಇರೋ ಮಕ್ಕಳು ಹೇಗೋ ಮೇಲೆ ಬರ್ತಾರೆ. ಅಂಕ ಅಂಕವೇ. ಅಕ್ಟೋಬರಲ್ಲಿ ತೋರಿಸಲಿ" ಎಂದರು. ಹೇಗೋ ಮೇಲೆ ಬರ್ತಾರೆ ಎಂದಾಗ ನಿನ್ನ ನೆನಪಾಯಿತು.

ಆ ಅಂಕ ಬಂದ ಮೇಲೆ ನಿಲ್ಲಿಸಿದ್ದ ನೋಟ್‌ಬುಕ್ ತಿದ್ದುವ ಕೆಲಸವನ್ನು ಇನ್ನು ಅವಳಿಗೆ ಕೊಡುವುದಿಲ್ಲ. ಆದರೆ ಅವಳಿಗೆ ಕೊಡಲು ನನ್ನ ಹತ್ತಿರ ಲೆಕ್ಕವಿಲ್ಲ. ಪುಸ್ತಕದವೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ನಿಜವಾದ ಒಂದು ಲೆಕ್ಕ ಕಳಿಸು.

ನಿನ್ನ ತಂಗಿ


ಆಗಸ್ಟ್ 20

ಬಾಯಿಬಡುಕಿಗೆ,

ಅತ್ತದ್ದು ಸಾಕು. ಈ ಕೆಳಗಿನದನ್ನು ಬೇರೆ ಹಾಳೆಯಲ್ಲಿ ಬರೆದು ಕೊಡು. ನಮ್ಮ ಲೇತ್‌ನಲ್ಲಿ ನಿಜವಾಗಿ ಎದುರಾದದ್ದು.

ಒಂದು ಬೋಲ್ಟಿಗೆ ಥ್ರೆಡ್, ಅಂದರೆ ತಿರುಪಿನ ಗೆರೆ, ಹಾಕಬೇಕು. ಅದಕ್ಕೆ ಮೊದಲ ಗೇರ್ ಚಕ್ರ ಇಪ್ಪತ್ನಾಲ್ಕು ಸುತ್ತು ತಿರುಗಿದರೆ ಕೊನೆಯದು ಸರಿಯಾಗಿ ಏಳು ಸುತ್ತು ತಿರುಗಬೇಕು. 35 ಹಲ್ಲಿನ ಚಕ್ರಕ್ಕೆ 120 ಹಲ್ಲಿನದನ್ನು ಜೋಡಿಸಿದರೆ ಆಯಿತು. ಆದರೆ 120ರ ಚಕ್ರ ಮುರಿದಿದೆ. ಇರುವುದು 20, 25, 30, 35, 40, 45, 50, 60, 70, 80 ಹಲ್ಲಿನ ಒಂದೊಂದೇ ಚಕ್ರ. ಎರಡು ಜೋಡಿ ಹಾಕಬಹುದು: ಒಂದನೆಯದು ಎರಡನೆಯದನ್ನು ತಿರುಗಿಸುತ್ತದೆ, ಎರಡನೆಯದರ ಅಚ್ಚಿಗೇ ಮೂರನೆಯದನ್ನು ಕೂರಿಸಿರುತ್ತೇವೆ, ಅದು ನಾಲ್ಕನೆಯದನ್ನು ತಿರುಗಿಸುತ್ತದೆ. ಯಾವ ನಾಲ್ಕು ಚಕ್ರ?

ನಿನಗೆ ಕೆಲವು ಮಾತು. ಸುಲಭ ಎನ್ನಬೇಡ, ಕಷ್ಟ ಎನ್ನಬೇಡ. ತಲೆಯ ಮೇಲೆ ನಿಂತು ಇಣುಕಬೇಡ. ತಪ್ಪಿದರೆ ಲೊಚಗುಟ್ಟಬೇಡ. ಜಾಣೆ ಎನ್ನುವ ಪದವನ್ನು ಸ್ವಲ್ಪ ದಿನ ಬೀರುವಿನಲ್ಲಿಡು. ಬೇರೆ ಯಾರಾದರೂ ಮಕ್ಕಳು ನಮಗೂ ಬೇಕು ಎಂದರೆ ಅವರಿಗೂ ಕೊಡು, ಇವಳೊಬ್ಬಳನ್ನೇ ಎತ್ತರದಲ್ಲಿ ಕೂರಿಸಬೇಡ.

ಅಣ್ಣ


ಸೆಪ್ಟೆಂಬರ್ 11

ಲೇತ್ ಮಾವನಿಗೆ,

ನಾನು ಟೀಚರ್ ಹೇಳಿದ ಹುಡುಗಿ. ಅವರು ಈ ಕಾಗದ ಓದುವುದಿಲ್ಲ ಎಂದು ಹೇಳಿದ್ದಾರೆ, ಕವರ್ ಅಂಟಿಸಿಯೇ ಕೊಡುತ್ತೇನೆ.

ನಿಮ್ಮ ಲೆಕ್ಕ ಮೊದಲು ನನಗೆ ಬರಲೇ ಇಲ್ಲ. ನಾಲ್ಕು ದಿನ ಬರಲಿಲ್ಲ. ನನಗೆ ಬರದೇ ಇರುವ ಲೆಕ್ಕ ಇದೇ ಮೊದಲು ಮಾವ, ತುಂಬ ಸಿಟ್ಟು ಬಂತು, ಆಮೇಲೆ ಖುಷಿಯಾಯಿತು. ರಟ್ಟು ಕತ್ತರಿಸಿ ಚಕ್ರ ಮಾಡಿದೆ. ಗುಂಡ ಹಲ್ಲು ಕತ್ತರಿಸಿಕೊಟ್ಟ, ವಕ್ರ ವಕ್ರವಾಗಿ. ಈಗ ಐದು ಥರ ಸಿಕ್ಕಿದೆ. ಒಂದು ಹೇಳುತ್ತೇನೆ: 25 ತಿರುಗಿಸುವುದು 50ನ್ನು, 35 ತಿರುಗಿಸುವುದು 60ನ್ನು. ಆರನೆಯದು ಇದೆಯಾ? ಹೇಳಬೇಡಿ.

ಇನ್ನೊಂದು ಮಾತು. ಅಕ್ಟೋಬರ್ ಪರೀಕ್ಷೆಯಲ್ಲಿ ಏನು ಮಾಡಲಿ ಎಂದು ಗೊತ್ತಾಗುತ್ತಿಲ್ಲ. ಸರಿ ಬರೆದರೆ ಮತ್ತೆ ಸಣ್ಣ ಟೀಚರ್ ಎನ್ನುತ್ತಾರೆ, ಹಗ್ಗದಾಟಕ್ಕೆ ಸೇರಿಸುವುದಿಲ್ಲ. ಮೊದಲು ಊಟದ ಹೊತ್ತಲ್ಲಿ ನಾನೊಬ್ಬಳೇ ಕೂರುತ್ತಿದ್ದೆ. ತಪ್ಪು ಬರೆದರೆ ತಯಾರಿ ತರಗತಿ, ಅಮ್ಮ ಅಳುತ್ತಾಳೆ. ಆದರೆ ಗುಂಡನೂ ಅಲ್ಲಿಗೇ ಹೋಗುತ್ತಾನಂತೆ, ಜೊತೆಗಿರುತ್ತಾನೆ. ತಪ್ಪೇ ಬರೆಯೋಣ ಎಂದುಕೊಂಡಿದ್ದೇನೆ. ಟೀಚರಿಗೆ ಹೇಳಬೇಡಿ.

ನೀವು ಇಷ್ಟು ಲೆಕ್ಕ ಗೊತ್ತಿದ್ದೂ ಯಾಕೆ ಓದು ಬಿಟ್ಟಿರಿ?

ಇಂತಿ, ಮೂರನೇ ಬೆಂಚಿನವಳು


ಸೆಪ್ಟೆಂಬರ್ 24

ಮೂರನೇ ಬೆಂಚಿನ ಪುಟ್ಟಮ್ಮನಿಗೆ,

ಇಪ್ಪತ್ತು ವರ್ಷದ ಮೇಲಾಯಿತು, ಆ ಲೇತ್‌ನಲ್ಲಿ ಎರಡೇ ಥರ ಹಾಕಿಕೊಂಡು ಬಂದಿದ್ದೇನೆ. ನೀನು ಐದು ಎಂದ ಮೇಲೆ ನಾನೂ ಹುಡುಕಲು ಕೂತೆ. ಆರನೆಯದು ಇದೆಯೋ ಇಲ್ಲವೋ ಹೇಳುವುದಿಲ್ಲ, ನೀನೇ ಬೇಡ ಎಂದಿದ್ದೀಯ.

ಓದು ಯಾಕೆ ಬಿಟ್ಟೆ ಎಂದು ನನ್ನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ನೀನು ಕೇಳಿದ್ದೀಯ, ಹೇಳುತ್ತೇನೆ.

ನನ್ನ ಗಣಿತದ ಮೇಷ್ಟ್ರು ನನ್ನ ಅಪ್ಪನೇ. ನಾನು ಕೈ ಎತ್ತಿದರೆ ಅವರು ಬೇರೆಯವರನ್ನು ಕೇಳುತ್ತಿದ್ದರು. ನನ್ನನ್ನು ಒಂದು ಸಲ ಎಬ್ಬಿಸಲಿ, ಒಂದು ಸಲ ಬೋರ್ಡಿನ ಹತ್ತಿರ ಕರೆಯಲಿ ಎಂದು ಕಾದೆ. ಒಂಬತ್ತನೇ ತರಗತಿಯ ಕೊನೆಯ ಪರೀಕ್ಷೆಯಲ್ಲಿ ಅಷ್ಟೂ ಲೆಕ್ಕ ನನಗೆ ಗೊತ್ತಿತ್ತು. ಏನೂ ಬರೆಯಲಿಲ್ಲ. ಮೂರು ಗಂಟೆ ಪೆನ್ನು ಹಿಡಿದು ಕೂತು ಖಾಲಿ ಹಾಳೆ ಕೊಟ್ಟು ಬಂದೆ. ತಿದ್ದುವವರು ಅಪ್ಪ. ಈಗಲಾದರೂ ಬಂದು ಏನಾಯಿತೋ ಎಂದು ಕೇಳುತ್ತಾರೆ ಎಂದುಕೊಂಡೆ.

ಕೇಳಲಿಲ್ಲ. ಸೊನ್ನೆ ಹಾಕಿದರು. ಊಟಕ್ಕೆ ಕೂತಾಗ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮುಂದಿನ ತಿಂಗಳು ವರ್ಕ್‌ಶಾಪಿಗೆ ಸೇರಿದೆ. ಖಾಲಿ ಹಾಳೆಯ ವಿಷಯ ನಿನ್ನ ಟೀಚರಿಗೂ ಗೊತ್ತಿಲ್ಲ. ನಾನು ಫೇಲಾದೆ ಎಂದಷ್ಟೇ ಗೊತ್ತು.

ಲೇತ್ ಕೆಲಸ ಒಳ್ಳೆಯ ಕೆಲಸ. ಅದಕ್ಕೆ ನಾನು ಬೇಜಾರು ಪಟ್ಟಿಲ್ಲ. ಆದರೆ ನಾನು ಅದನ್ನು ಆರಿಸಿಕೊಂಡು ಬಂದವನಲ್ಲ, ಮುನಿಸಿಕೊಂಡು ಬಂದವನು. ಆ ಹಾಳೆಯಲ್ಲಿ ಅವರಿಗೆ ಏನೋ ಹೇಳಿದೆ ಎಂದುಕೊಂಡಿದ್ದೆ. ಖಾಲಿ ಹಾಳೆಯಲ್ಲಿ ಯಾರಿಗೂ ಏನೂ ಕಾಣುವುದಿಲ್ಲ ಪುಟ್ಟಮ್ಮ. ತಪ್ಪು ಉತ್ತರದಲ್ಲೂ ಅಷ್ಟೇ. ನಿನ್ನದು ನನ್ನ ಕಣ್ಣಿಗೆ ಬಿದ್ದದ್ದು ಅದೃಷ್ಟ.

ನಿನಗೆ ಲೆಕ್ಕವೂ ಬೇಕು, ಹಗ್ಗದಾಟವೂ ಬೇಕು. ಎರಡೂ ಬೇಕು ಎಂದು ಬಾಯಿಬಿಟ್ಟು ಹೇಳು. ನಿನ್ನ ಟೀಚರ್ ವಟವಟ ಎನ್ನುತ್ತಾಳೆ, ಆದರೆ ಹೇಳಿದರೆ ಕೇಳುತ್ತಾಳೆ. ಪರೀಕ್ಷೆಯಲ್ಲಿ ಏನು ಬರೆಯುತ್ತೀಯೋ ನಿನಗೆ ಬಿಟ್ಟದ್ದು. ನಾನು ಆಣೆ ಹಾಕಿಸುವುದಿಲ್ಲ, ಇಷ್ಟು ದೂರದಿಂದ ಅಂಗಲಾಚುತ್ತಿದ್ದೇನೆ ಎಂದುಕೋ.

ಇಂತಿ, ಲೇತ್ ಮಾವ


ಅಕ್ಟೋಬರ್ 30

ಅಣ್ಣಾ,

ನಲವತ್ತೇಳು.

ಪರೀಕ್ಷೆಯ ಹಿಂದಿನ ದಿನ ನನ್ನ ಮೇಜಿನ ಹತ್ತಿರ ಬಂದು, "ಟೀಚರ್, ನಂಗೆ ಎರಡೂ ಬೇಕು" ಎಂದಳು. ಯಾವ ಎರಡು ಎಂದೆ. ಹೇಳಿದಳು. ಇನ್ನು ಯಾರೂ ಯಾರ ನೋಟ್‌ಬುಕ್ಕೂ ತಿದ್ದುವುದಿಲ್ಲ, ಅವರವರದನ್ನು ಅವರವರೇ ತಿದ್ದುವುದು ಎಂದು ಅದೇ ದಿನ ತರಗತಿಗೆ ಹೇಳಿದೆ. ಒಂದು ವರ್ಷ ಅದನ್ನು ಅವಳ ಕೈಲಿ ಮಾಡಿಸಿದ್ದು ನನ್ನ ತಪ್ಪು ಎಂದೂ ಎಲ್ಲರ ಮುಂದೆ ಹೇಳಿದೆ. ಬೇಕರಿಯವರ ಮಗ "ಹೌದು ಮತ್ತೆ" ಎಂದ. ಬೈಯೋಣ ಎನ್ನಿಸಿತು, ನುಂಗಿಕೊಂಡೆ.

ಮೂರು ಅಂಕ ಹೋದದ್ದು ಒಂದೇ ಲೆಕ್ಕದಲ್ಲಿ. ಅವಳು ಅವಸರದಲ್ಲಿ ಭಾಗಿಸಿ ತಪ್ಪಿದ್ದಳು. ಬೆಳಕಿಗೆ ಹಿಡಿದು ನೋಡಿದೆ, ಅಳಿಸಿದ ಗುರುತಿಲ್ಲ. "ಇದು ಯಾರದೇ?" ಎಂದು ಕೇಳಿದರೆ, "ನಂದೇ ಟೀಚರ್" ಎಂದು ಹಲ್ಲು ಕಿರಿದಳು. ಅವಳ ತಾಯಿಗೆ ಪತ್ರಿಕೆ ತೋರಿಸಿ, ನಿಜ ಯಾವುದು ಎಂದು ಕೇಳಿದ್ದಿರಲ್ಲ, ಇದು ನಿಜ ಎಂದೆ. ಅವರು ಆವತ್ತು ಕುರ್ಚಿಯಲ್ಲಿ ಕೂತರು.

ಎರಡು ದಿನ ಇಬ್ಬರು ಹುಡುಗಿಯರು ಅವಳ ಜೊತೆ ಮಾತು ಬಿಟ್ಟಿದ್ದರು. ಈಗ ಆಡುತ್ತಿದ್ದಾರೆ. ಶುಕ್ರವಾರ ಕೊನೆಯ ಅರ್ಧಗಂಟೆ ಕಷ್ಟದ ಲೆಕ್ಕಕ್ಕೆ ಎಂದಿಟ್ಟಿದ್ದೇನೆ, ಬೇಕಾದವರು ಬರಬಹುದು. ಏಳು ಜನ ಬರುತ್ತಾರೆ. ಗುಂಡನೂ ಬರುತ್ತಾನೆ, ಮೂವತ್ತೊಂದು ತೆಗೆದು ತಯಾರಿ ತರಗತಿಯಿಂದ ತಪ್ಪಿಸಿಕೊಂಡ. ಹೆಡ್‌ಮಿಸ್ "ಈ ವರ್ಷ ನೋಡೋಣ" ಎಂದಿದ್ದಾರೆ. ಅವರ ಬಾಯಲ್ಲಿ ಅದೇ ದೊಡ್ಡದು. ನಿನ್ನ ಚಕ್ರದ ಲೆಕ್ಕದ ಆರನೆಯದು ಹುಡುಗಿಗೆ ಸಿಕ್ಕಿತಂತೆ, 70 ಹಾಕಿದರೆ 35 ಬೇಡವೇ ಬೇಡ ಎಂದು ನಿನಗೆ ತಿಳಿಸಬೇಕಂತೆ.

ಈಗ ಬೈಸಿಕೊಳ್ಳುವ ವಿಷಯ. ಪರೀಕ್ಷೆ ಮುಗಿದ ಮೇಲೆ ಅವಳು ನಿನ್ನ ಕಾಗದ ತಂದು, "ಟೀಚರ್, ಲೇತ್ ಮಾವನ ಅಪ್ಪ ಇನ್ನೂ ಇದಾರಾ?" ಎಂದಳು. ನಮ್ಮ ಮನೆಯಲ್ಲೇ ಇದ್ದಾರೆ ಎಂದೆ. "ಹಾಗಾದ್ರೆ ಅವರಿಗೆ ಓದೋಕೆ ಕೊಡಿ. ನಾಳೆ ನಂಗೆ ವಾಪಸ್ ಬೇಕು" ಎಂದಳು.

ನಾನು ಮೊದಲು ಓದಿದೆ. ಖಾಲಿ ಹಾಳೆ! ಅಣ್ಣಾ, ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ ನೀನು. ನೀನು ಫೇಲಾದೆ ಎಂದು ನಾನೂ ನಂಬಿಬಿಟ್ಟೆನಲ್ಲ. ಆಮೇಲೆ ನಿನ್ನನ್ನು ಕೇಳದೆಯೇ ಅಪ್ಪನ ಕೈಗೆ ಕೊಟ್ಟೆ. ಬೈಯುವುದಾದರೆ ನನ್ನನ್ನು ಬೈ, ಮಗುವನ್ನಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕಾಗದವನ್ನು ಮಡಿಸಿ ನನಗೆ ಕೊಟ್ಟು, ನನ್ನ ಹತ್ತಿರ ಬಿಳಿ ಹಾಳೆ ಕೇಳಿದರು. ಒಂದು ವಾರ ಬರೆದು ಬರೆದು ಹರಿದರು. ಉಳಿದದ್ದನ್ನು ಇದರ ಜೊತೆಗೆ ಇಟ್ಟಿದ್ದೇನೆ. ನಾನು ಓದಿಲ್ಲ.

ನಿನ್ನ ತಂಗಿ


ಅಕ್ಟೋಬರ್ 29

ಮಗನಿಗೆ,

ಬರೆದು ರೂಢಿ ತಪ್ಪಿದೆ, ಅಕ್ಷರ ಓಡಾಡಿದರೆ ಹೊಂದಿಸಿಕೊಂಡು ಓದು.

ನೀನು ಕೈ ಎತ್ತಿದಾಗಲೆಲ್ಲ ನನಗೆ ತಡೆಯಲಾರದಷ್ಟು ಹೆಮ್ಮೆಯಾಗುತ್ತಿತ್ತು. ಅದು ಮುಖದಲ್ಲಿ ಕಂಡುಬಿಡುತ್ತದೆ, ಉಳಿದ ಮಕ್ಕಳು ನೋಡುತ್ತಾರೆ ಎಂದು ಬೋರ್ಡಿನ ಕಡೆ ತಿರುಗುತ್ತಿದ್ದೆ. ನಿನಗೆ ಕಂಡದ್ದು ನನ್ನ ಬೆನ್ನು ಮಾತ್ರ ಎಂದು ಈಗ ತಿಳಿಯುತ್ತಿದೆ. ಪ್ರತಿ ಪರೀಕ್ಷೆಯಲ್ಲೂ ನಿನ್ನಿಂದ ಕಳೆದ ಆ ನಾಲ್ಕು ನಾಲ್ಕು ಅಂಕ ಅನ್ಯಾಯ. ಅದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ.

ಖಾಲಿ ಹಾಳೆಯನ್ನು ನೋಡಿದ ತಕ್ಷಣ ನಿನಗೆ ಬರದೆ ಬಿಟ್ಟದ್ದಲ್ಲ ಎಂದು ನನಗೆ ಗೊತ್ತಾಯಿತು. ಅಷ್ಟು ಗೊತ್ತಿದ್ದೂ ಸೊನ್ನೆ ಹಾಕಿ ಮನೆಗೆ ಬಂದೆ. ಆ ಸಂಜೆ ನೀನು ನನ್ನ ಎದುರಿಗೇ ಕೂತು ಉಂಡೆ. ಕೇಳಿದರೆ ನೀನು ನಿಜ ಹೇಳಿಬಿಡುತ್ತೀಯ ಎಂದು ನನಗೆ ಹೆದರಿಕೆಯಾಯಿತು. ನಾಳೆ ಕೇಳೋಣ ಎಂದುಕೊಂಡೆ. ಆಮೇಲೆ ನೀನು ಹೊರಟುಹೋದೆ.

ಕ್ಷಮಿಸು ಎಂದು ಬರೆದು ನಾಲ್ಕು ಹಾಳೆ ಹರಿದೆ. ಅದಕ್ಕೂ ಮೊದಲು ನಾನು ಮಾಡಬೇಕಾದ ಒಂದು ಕೆಲಸ ಬಾಕಿ ಇದೆ. ಆವತ್ತು ಕೇಳಬೇಕಾದದ್ದನ್ನು ಇವತ್ತು ಕೇಳುತ್ತೇನೆ.

ಯಾಕೋ ಮಗನೇ, ಏನಾಯಿತು? ಯಾಕೆ ಒಂದಕ್ಷರವೂ ಬರೆಯಲಿಲ್ಲ?

ಬಂದು ಹೇಳಿದರೂ ಸರಿ, ಬರೆದು ಹೇಳಿದರೂ ಸರಿ. ನಡುವೆ ಬಾಯಿ ಹಾಕದೆ ಕೇಳುತ್ತೇನೆ.

ನಿನ್ನ ಅಪ್ಪ